ಏನೂ ಕೊಡಲಾಗದವರ ಜೊತೆ ನಿಲ್ಲುವ ನಿಷ್ಠೆ

ಸಂಪಾದಕರಿಗೆ,

ಮಾನ್ಯರೇ,

ಕ್ರೈಸ್ತ ಸಭೆಗಳ ಆಸ್ತಿ ತಕರಾರು, ಆಡಳಿತ ಸಮಿತಿಗಳ ಚುನಾವಣೆಯ ಜಗಳ, ಒಂದೇ ದೇವಾಲಯದ ಸದಸ್ಯರು ಒಬ್ಬರ ಮೇಲೊಬ್ಬರು ಹೂಡಿದ ದಾವೆ, ಇಂಥ ಸುದ್ದಿಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿರುತ್ತವೆ. ಅವನ್ನು ಓದಿದ ನಮ್ಮವರಲ್ಲಿ ಕೆಲವರು ಮನೆಯ ಮಾತು ಬೀದಿಗೆ ಬಂತಲ್ಲ ಎಂದು ನೊಂದುಕೊಳ್ಳುತ್ತಾರೆ. ಇನ್ನು ಕೆಲವರು ಈಗ ಸ್ವಾರ್ಥ ಹೆಚ್ಚಾಯಿತು, ಹಿರಿಯರಲ್ಲಿದ್ದ ನಿಷ್ಠೆ ನಮ್ಮಲ್ಲಿಲ್ಲ ಎನ್ನುತ್ತಾರೆ. ಈ ಎರಡನೆಯ ಮಾತಿನ ಬಗ್ಗೆ ನಾಲ್ಕು ಸಾಲು ಬರೆಯಬೇಕೆನಿಸಿತು. ನಾನು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪರಂಪರೆಯಿಂದ ಬಂದ ಒಂದು ಪ್ರೊಟೆಸ್ಟಂಟ್ ಸಭೆಯ ಸದಸ್ಯ. ನಾನು ಕಂಡಂತೆ ನಮ್ಮ ಸಭೆಗಳಲ್ಲಿ ನಿಷ್ಠೆಗೆ ಬರಗಾಲವಿಲ್ಲ. ಜಗಳಕ್ಕೆ ನಿಂತವರೆಲ್ಲರೂ ಯಾರಿಗೋ ಅತ್ಯಂತ ನಿಷ್ಠರಾಗಿಯೇ ಇರುತ್ತಾರೆ. ತಮ್ಮ ಗುಂಪಿಗೆ, ತಮ್ಮ ಮನೆತನಕ್ಕೆ, ತಮ್ಮವರನ್ನು ಕೆಲಸಕ್ಕೆ ಸೇರಿಸಿದ ನಾಯಕನಿಗೆ ಅವರು ಕೊನೆಯವರೆಗೂ ಬೆನ್ನೆಲುಬಾಗಿ ನಿಲ್ಲುತ್ತಾರೆ. ಆದರೆ ಆ ನಿಷ್ಠೆಯಿಂದ ಅವರಿಗೆ ಏನಾದರೊಂದು ದಕ್ಕುತ್ತಿರುತ್ತದೆ, ಅಥವಾ ಮುಂದೆ ದಕ್ಕೀತೆಂಬ ಭರವಸೆಯಿರುತ್ತದೆ. ಒಬ್ಬನೇ ತನಗಾಗಿ ಕೇಳಿಕೊಂಡರೆ ಅದನ್ನು ಸ್ವಾರ್ಥವೆನ್ನುತ್ತೇವೆ. ಐವತ್ತು ಜನ ಸೇರಿ ತಮಗಾಗಿ ಕೇಳಿಕೊಂಡರೆ ಅದಕ್ಕೆ ಒಗ್ಗಟ್ಟು, ನಿಷ್ಠೆ ಎಂಬ ಗೌರವದ ಹೆಸರು ಬಂದುಬಿಡುತ್ತದೆ. ಕ್ರೈಸ್ತ ಜೀವಿತದಲ್ಲಿ ನಿಜವಾದ ನಿಷ್ಠೆಯನ್ನು ಅಳೆಯಬೇಕಾದರೆ ನಾವು ಯಾರ ಜೊತೆ ನಿಂತಿದ್ದೇವೋ ಅವರಿಂದ ನಮಗೆ ಏನು ಸಿಗಲಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು ಎಂಬುದೇ ನನ್ನ ವಾದ.

ಸತ್ಯವೇದದ ರೂತಳ ಕಥೆ ಕ್ರೈಸ್ತರಿಗೆ ಮಾತ್ರವಲ್ಲ, ಇತರ ಅನೇಕ ಓದುಗರಿಗೂ ತಿಳಿದಿರಬಹುದು. ಬೇತ್ಲೆಹೇಮಿನಲ್ಲಿ ಬರ ಬಂದಾಗ ಗಂಡ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಮೋವಾಬ್ ದೇಶಕ್ಕೆ ಹೋದ ನೊವೊಮಿ, ಅಲ್ಲಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಊರಿಗೆ ಮರಳಲು ಹೊರಡುತ್ತಾಳೆ. ಇಬ್ಬರು ಸೊಸೆಯಂದಿರಿಗೂ ನಿಮ್ಮ ನಿಮ್ಮ ತವರಿಗೆ ಹೋಗಿ, ನನ್ನಿಂದ ನಿಮಗೆ ಇನ್ನೇನೂ ಆಗದು ಎಂದು ಮತ್ತೆ ಮತ್ತೆ ಹೇಳುತ್ತಾಳೆ. ಒರ್ಫಾ ಅತ್ತು, ಅತ್ತೆಗೆ ಮುದ್ದಿಟ್ಟು ಹಿಂದಿರುಗುತ್ತಾಳೆ. ಅವಳನ್ನು ಸತ್ಯವೇದ ಎಲ್ಲಿಯೂ ನಿಂದಿಸುವುದಿಲ್ಲ. ಅವಳು ಮಾಡಿದ್ದು ಯಾರೇ ಆದರೂ ಮಾಡುವಂಥದ್ದು. ರೂತಳು ಮಾತ್ರ ನೀನು ಹೋದಲ್ಲಿಗೆ ನಾನೂ ಬರುತ್ತೇನೆ, ನೀನು ಸಾಯುವಲ್ಲಿಯೇ ನಾನೂ ಸಾಯುತ್ತೇನೆ ಎಂದು ಹಟ ಹಿಡಿಯುತ್ತಾಳೆ. ಈ ಮಾತುಗಳು ನಮ್ಮ ಮದುವೆಯ ಪ್ರಸಂಗಗಳಲ್ಲಿ ಎಷ್ಟೋ ಬಾರಿ ಉದ್ಧರಿಸಲ್ಪಟ್ಟಿವೆ. ಆದರೆ ಆಮೇಲೆ ನಡೆದದ್ದರ ಕಡೆಗೆ ಪ್ರಸಂಗಪೀಠದಿಂದ ಗಮನ ಸೆಳೆದವರು ಕಡಿಮೆ. ಇಬ್ಬರೂ ಬೇತ್ಲೆಹೇಮನ್ನು ತಲುಪಿ, ಊರ ಹೆಂಗಸರು ಬಂದು ಸುತ್ತುವರಿದಾಗ ನೊವೊಮಿ ಆಡುವ ಮಾತೇನು? ತುಂಬಿದವಳಾಗಿ ಹೋದೆನು, ಬರಿಗೈಯವಳನ್ನಾಗಿ ಕರ್ತನು ನನ್ನನ್ನು ತಂದನು ಎನ್ನುತ್ತಾಳೆ. ಬರಿಗೈಯವಳು ಎಂದು ಅವಳು ಹೇಳುವಾಗ ರೂತಳು ಪಕ್ಕದಲ್ಲೇ ನಿಂತಿದ್ದಾಳೆ. ದೇಶ, ತವರು, ಮರುಮದುವೆಯ ಅವಕಾಶ ಎಲ್ಲವನ್ನೂ ಬಿಟ್ಟು ಜೊತೆಗೆ ನಡೆದು ಬಂದ ಸೊಸೆಯನ್ನು ಅತ್ತೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದಕ್ಕೆ ರೂತಳು ಏನು ಉತ್ತರ ಕೊಟ್ಟಳೆಂದು ಗ್ರಂಥ ಹೇಳುವುದಿಲ್ಲ. ಮುಂದಿನ ಅಧ್ಯಾಯದ ಆರಂಭದಲ್ಲೇ ಅವಳು ಯಾರದಾದರೂ ಹೊಲದಲ್ಲಿ ಹಕ್ಕಲಾಯಲು, ಅಂದರೆ ಕೊಯ್ಯುವವರು ಬಿಟ್ಟ ತೆನೆ ಆಯಲು, ಹೋಗುತ್ತೇನೆಂದು ಅಪ್ಪಣೆ ಕೇಳುತ್ತಾಳೆ, ಸಂಜೆಯವರೆಗೆ ಆಯ್ದು, ಬಡಿದು, ಬಂದ ಜವೆಗೋಧಿಯನ್ನು ತಂದು ಅತ್ತೆಗೆ ಕೊಡುತ್ತಾಳೆ, ತಾನು ಉಂಡು ಮಿಕ್ಕಿದ್ದನ್ನೂ ಎತ್ತಿಟ್ಟುಕೊಂಡು ಬಂದು ಕೊಡುತ್ತಾಳೆ. ಮೆಚ್ಚುಗೆಯೂ ಸಿಗದ ಕಡೆ ನಿಷ್ಠೆ ಉಳಿಯುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ ಇಲ್ಲಿದೆ, ಮತ್ತು ರೂತಳು ಇದರಲ್ಲಿ ತೇರ್ಗಡೆಯಾದದ್ದು ಹಾದಿಯಲ್ಲಿ ಆಡಿದ ಮಾತಿನಿಂದಲ್ಲ, ಆಮೇಲಿನ ದುಡಿಮೆಯಿಂದ ಎಂದು ನಾನು ನಂಬುತ್ತೇನೆ.

ಅಪೊಸ್ತಲ ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲೂ ಇದೇ ವಿಷಯ ಬರುತ್ತದೆ. ತನ್ನ ಸುತ್ತಲಿನವರೆಲ್ಲ ಸ್ವಂತ ಕಾರ್ಯಗಳನ್ನೇ ನೋಡಿಕೊಳ್ಳುತ್ತಾರೆ, ಕ್ರಿಸ್ತನ ಕಾರ್ಯವನ್ನಲ್ಲ ಎಂದು ಅವನು ನೇರವಾಗಿ ದೂರುತ್ತಾನೆ. ಅಂಥವರ ನಡುವೆ ತಿಮೊಥೆಯೊಬ್ಬನೇ ನಿಮ್ಮ ಹಿತವನ್ನು ನಿಜವಾಗಿ ಚಿಂತಿಸುವವನು ಎನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಎಪಫ್ರೊದೀತನೆಂಬ, ಹೆಚ್ಚು ಜನ ನೆನಪಿಡದ ಒಬ್ಬ ಸಹೋದರನ ಪ್ರಸ್ತಾಪವಿದೆ. ಸಭೆಯವರು ಕೊಟ್ಟ ನೆರವನ್ನು ಪೌಲನಿಗೆ ತಲುಪಿಸಲು ಬಂದ ಅವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ತಲುಪಿದ್ದ. ಅವನು ಕಳವಳಪಟ್ಟದ್ದು ಮಾತ್ರ ತನ್ನ ಕಾಯಿಲೆಗಾಗಿ ಅಲ್ಲ, ತಾನು ಕಾಯಿಲೆ ಬಿದ್ದ ಸುದ್ದಿ ಊರಿನವರಿಗೆ ತಿಳಿದುಹೋಯಿತಲ್ಲ ಎಂದು. ಪೌಲನಿಗೂ ಅವನ ಅಗತ್ಯವಿತ್ತು, ಆದರೂ ಊರಿನವರ ಮನಸ್ಸು ಸಮಾಧಾನವಾಗಲಿ ಎಂದು ಅವನನ್ನು ಬೇಗನೆ ಕಳುಹಿಸಿಕೊಡುತ್ತಾನೆ. ಮೂವರೂ ಇನ್ನೊಬ್ಬರ ಬಗ್ಗೆಯೇ ಯೋಚಿಸುತ್ತಿರುವ ಈ ಕೆಲವು ಸಾಲುಗಳು ನನಗೆ ಎಷ್ಟೋ ದೊಡ್ಡ ಬೋಧನೆಗಳಿಗಿಂತ ಹೆಚ್ಚಿನದನ್ನು ಕಲಿಸಿವೆ. ಇನ್ನೊಂದೆಡೆ ದೇಮನಿದ್ದಾನೆ. ಪೌಲನ ಒಂದು ಪತ್ರದಲ್ಲಿ ಲೂಕನ ಹೆಸರಿನ ಪಕ್ಕದಲ್ಲೇ ಜೊತೆಕೆಲಸದವನೆಂದು ಅವನ ಹೆಸರಿದೆ. ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ ಅವನು ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೋನಿಕಕ್ಕೆ ಹೋದನು, ಲೂಕನು ಮಾತ್ರ ನನ್ನ ಬಳಿಯಿದ್ದಾನೆ ಎಂದಿದೆ. ಸೆರೆಮನೆಯ ಮುದುಕನ ಬಳಿ ಇನ್ನು ಏನೂ ಉಳಿದಿಲ್ಲವೆಂದು ಕಂಡಾಗ ದೇಮನಂಥವರು ಹೊರಡುತ್ತಾರೆ.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಬೇಕಾದರೆ ಕುಷ್ಠರೋಗದ ಚರಿತ್ರೆಯನ್ನು ನೋಡಬೇಕು. ಆ ರೋಗಿಗಳು ತಮ್ಮ ಜೊತೆ ನಿಂತವರಿಗೆ ಹಣ, ಮತ, ಪ್ರಭಾವ ಯಾವುದನ್ನೂ ಕೊಡಲಾರದವರಾಗಿದ್ದರು, ಕೊಡಬಹುದಾಗಿದ್ದದ್ದು ರೋಗವೊಂದನ್ನೇ. 1865ರಲ್ಲಿ ಹವಾಯಿ ರಾಜ್ಯ ಕಾನೂನು ಮಾಡಿ, ಮರುವರ್ಷದಿಂದ ಕುಷ್ಠರೋಗಿಗಳನ್ನು ಮೊಲೊಕಾಯ್ ದ್ವೀಪದ ಒಂದು ಮೂಲೆಗೆ ಸಾಗಿಸತೊಡಗಿತು. ಮೂರು ಕಡೆ ಕಡಲು, ಒಂದು ಕಡೆ ಏರಲು ಕಷ್ಟವಾದ ಕಡಿದಾದ ಬೆಟ್ಟ. 1873ರ ಮೇ ತಿಂಗಳಿನಲ್ಲಿ ಬೆಲ್ಜಿಯಮ್ ಮೂಲದ ದಾಮಿಯೆನ್ ಎಂಬ 33 ವರ್ಷದ ಕ್ಯಾಥೊಲಿಕ್ ಪಾದ್ರಿ ಅಲ್ಲಿಗೆ ಬಂದರು. ನಾಲ್ವರು ಪಾದ್ರಿಗಳು ಸರದಿಯ ಮೇಲೆ ಹೋಗಿಬರಬೇಕೆಂಬುದು ಬಿಷಪರ ಯೋಜನೆಯಾಗಿತ್ತು. ಮೊದಲ ಸರದಿಯಲ್ಲಿ ಹೋದ ದಾಮಿಯೆನ್ ಮರಳಲೇ ಇಲ್ಲ. ಆರಂಭದ ರಾತ್ರಿಗಳನ್ನು ಅವರು ನಮ್ಮ ಕರಾವಳಿಯ ಕೇದಗೆಯ ಜಾತಿಗೆ ಸೇರಿದ ಒಂದು ಮರದಡಿಯಲ್ಲಿ ಕಳೆದರು. ಕೆಸುವಿನ ಗೆಡ್ಡೆಯನ್ನು ಅರೆದು ಮಾಡುವ ಅಲ್ಲಿನ ಊಟವನ್ನು ರೋಗಿಗಳೊಂದಿಗೆ ಒಂದೇ ಬಟ್ಟಲಿನಲ್ಲಿ ಬೆರಳದ್ದಿ ಉಂಡರು, ಹುಣ್ಣು ತೊಳೆದರು, ನೀರಿನ ಕೊಳವೆ ಎಳೆದರು, ಮನೆಗಳನ್ನು ಕಟ್ಟಿದರು, ಸತ್ತವರಿಗೆ ಪೆಟ್ಟಿಗೆ ಮಾಡಿ ಗುಂಡಿಯನ್ನೂ ತಾವೇ ತೋಡಿದರು. 1884ರ ಕೊನೆಯಲ್ಲಿ ಕುದಿನೀರಿಗೆ ಕಾಲಿಟ್ಟಾಗ ಬಿಸಿ ಗೊತ್ತಾಗದೆ ಹೋದದ್ದರಿಂದ ತಮಗೂ ರೋಗ ತಗುಲಿದೆಯೆಂಬುದು ಅವರಿಗೆ ಖಚಿತವಾಯಿತು. 1889ರ ಏಪ್ರಿಲ್ 15ರಂದು ಅಲ್ಲಿಯೇ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರ ಹೊರೆಯನ್ನು ಹಂಚಿಕೊಳ್ಳಲು ಬಂದ ಮೇರಿಯನ್ ಕೋಪ್ ಎಂಬ ಸನ್ಯಾಸಿನಿ ಆಮೇಲೆ 1918ರಲ್ಲಿ ತಾವು ಸಾಯುವವರೆಗೂ ಆ ಜಾಗವನ್ನು ಬಿಡಲಿಲ್ಲ.

ದಾಮಿಯೆನ್ ಅವರ ಮರಣಾನಂತರ ನಡೆದ ಒಂದು ಸಂಗತಿಯನ್ನು, ಪತ್ರಿಕೆಗೆ ಬರೆಯುವ ಪತ್ರವಾದ್ದರಿಂದ, ಇಲ್ಲಿ ಹೇಳಲೇಬೇಕು. ಹೊನೊಲುಲುವಿನ ಹೈಡ್ ಎಂಬ ಪ್ರೊಟೆಸ್ಟಂಟ್ ಬೋಧಕರು ದಾಮಿಯೆನ್ ಒರಟ, ಕೊಳಕ, ಹಟಮಾರಿ, ನಡತೆಗೆಟ್ಟವನು ಎಂದು ಇನ್ನೊಬ್ಬ ಬೋಧಕರಿಗೆ ಬರೆದ ಪತ್ರ ಅಚ್ಚಾಯಿತು. ಅದನ್ನು ಓದಿದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್, ತಾನೂ ಪ್ರೊಟೆಸ್ಟಂಟ್ ಮನೆತನದಲ್ಲಿ ಬೆಳೆದವನಾಗಿದ್ದೂ, 1890ರ ಫೆಬ್ರುವರಿಯಲ್ಲಿ ಹೈಡರಿಗೆ ಬಹಿರಂಗ ಪತ್ರವೊಂದನ್ನು ಬರೆದ. ದಾಮಿಯೆನ್ ಸತ್ತ ಮರುತಿಂಗಳೇ ಆ ರೋಗಿಗಳ ನಡುವೆ ಕೆಲವು ದಿನ ಇದ್ದು ಎಲ್ಲವನ್ನೂ ಕಣ್ಣಾರೆ ಕಂಡಿದ್ದವನು ಅವನು. ಮಾನನಷ್ಟದ ಮೊಕದ್ದಮೆ ಬೀಳಬಹುದೆಂದು ತಿಳಿದೇ ಬರೆದ. ದಾಮಿಯೆನ್ ಒರಟರಾಗಿದ್ದರು, ಹಟಮಾರಿಯಾಗಿದ್ದರು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಆ ಊರಿಗೆ ಯಾರೂ ಹೋಗದಿದ್ದಾಗ ಹೋದವರು ಅವರೇ, ನಾವು ನಮ್ಮ ಸುಖದ ಮನೆಗಳಲ್ಲಿ ಉಳಿದೆವು ಎಂಬುದು ಅವನ ವಾದದ ಸಾರ. ಹೈಡರು ತಮ್ಮ ಪಂಗಡಕ್ಕೆ ನಿಷ್ಠರಾಗಿದ್ದರು, ಅದರಲ್ಲಿ ಸಂಶಯವಿಲ್ಲ. ಆ ನಿಷ್ಠೆಯೇ ಅವರಿಂದ ಸತ್ತವರ ಮೇಲೆ ಕೆಸರೆರಚಿಸಿತು. ಸ್ಟೀವನ್‌ಸನ್ ಪಂಗಡವನ್ನು ಬದಿಗಿಟ್ಟು ಸತ್ಯದ ಪರ ನಿಂತ. ಗುಂಪಿನ ನಿಷ್ಠೆಗೂ ಕ್ರಿಸ್ತನ ಮೇಲಿನ ನಿಷ್ಠೆಗೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಕಾಣಿಸುವ ಇನ್ನೊಂದು ಪ್ರಸಂಗ ನನಗೆ ತಿಳಿದಿಲ್ಲ.

ನಮ್ಮ ಊರಿನಲ್ಲೇ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಮೂಲದ ಜೆಸ್ವಿತ್ ಪಾದ್ರಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು. ಹತ್ತು ವರ್ಷದ ನಂತರ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು, 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು, 1910ರಲ್ಲಿ ಇಲ್ಲಿಯೇ ತೀರಿಕೊಂಡರು. ಇಂದು ಆ ಹೆಸರಿನಲ್ಲಿ ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ. ಕಂಕನಾಡಿಯ ವೃತ್ತದಲ್ಲಿ ಬಸ್ಸಿಗೆ ಕಾಯುವವರಿಗೆ ಆ ಹೆಸರು ಗೊತ್ತು. ಪ್ಲೇಗ್ ಎಂದರೆ ಮನೆಗೆ ಮನೆಯೇ ಖಾಲಿ ಮಾಡಿಕೊಂಡು ಜನ ಓಡುತ್ತಿದ್ದ ಕಾಲದಲ್ಲಿ ರೋಗಿಗಳನ್ನು ಬರಮಾಡಿಕೊಂಡವರ ಹೆಸರು ಅದು ಎಂಬುದನ್ನು ನಮ್ಮ ಮಕ್ಕಳಿಗೆ ಯಾರಾದರೂ ಹೇಳಬೇಕು. ಅವರು ನಮ್ಮ ಪಂಗಡದವರಲ್ಲ ಎಂಬ ಕಾರಣಕ್ಕೆ ನಮ್ಮ ಭಾನುವಾರದ ಶಾಲೆಯಲ್ಲಿ ಈ ಕಥೆ ಹೇಳದೆ ಉಳಿದರೆ ನಷ್ಟ ನಮ್ಮದೇ.

ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಆರೈಕೆಯಲ್ಲಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನು 1999ರ ಜನವರಿಯಲ್ಲಿ ಇಬ್ಬರು ಚಿಕ್ಕ ಗಂಡುಮಕ್ಕಳೊಂದಿಗೆ ಜೀಪಿನಲ್ಲೇ ಸುಟ್ಟು ಕೊಂದದ್ದು ದೇಶಕ್ಕೆಲ್ಲ ತಿಳಿದ ದುರಂತ. ಅವರ ಪತ್ನಿ ಗ್ಲಾಡಿಸ್, ಮಗಳೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಕೊಂದವರನ್ನು ಕ್ಷಮಿಸಿದೆನೆಂದು ಹೇಳಿ, 2004ರವರೆಗೆ ಅಲ್ಲೇ ಉಳಿದು, ಗಂಡ ಬಿಟ್ಟುಹೋದ ರೋಗಿಗಳ ಆರೈಕೆಯನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಕ್ಷಮೆಯ ಬಗ್ಗೆ ಎಲ್ಲರೂ ಮಾತನಾಡಿದರು. ಅವರು ಉಳಿದದ್ದರ ಬಗ್ಗೆ ನಾವು ಅಷ್ಟು ಮಾತನಾಡಲಿಲ್ಲ.

ಇವೆಲ್ಲ ಅಸಾಮಾನ್ಯರ ಸಂಗತಿ, ನಮ್ಮಂಥವರಿಗೆ ಎಟುಕದು ಎಂದು ಕೆಲವರು ಹೇಳಬಹುದು. ಹಾಗಾದರೆ ನಮ್ಮದೇ ಸಭೆಯ ಒಬ್ಬ ಮಹಿಳೆಯ ಬಗ್ಗೆ ಬರೆಯುತ್ತೇನೆ. ಹೆಸರು ಬರೆದರೆ ಅವರಿಗೆ ಇಷ್ಟವಾಗದು. ಕರಾವಳಿಯ ಅನೇಕ ಕ್ರೈಸ್ತ ಮನೆಗಳಲ್ಲಿ ಇಂದು ಮಕ್ಕಳೆಲ್ಲ ಗಲ್ಫಿನಲ್ಲೋ ಕೆನಡಾದಲ್ಲೋ ಇದ್ದು, ವಯಸ್ಸಾದ ತಂದೆಯೋ ತಾಯಿಯೋ ಒಬ್ಬರೇ ಉಳಿದಿರುವುದು ಎಲ್ಲರಿಗೂ ಗೊತ್ತು. ಅಂಥ ಒಬ್ಬ ವೃದ್ಧೆ ಹಾಸಿಗೆ ಹಿಡಿದಿದ್ದಾರೆ, ಮರೆವಿನ ಕಾಯಿಲೆಯೂ ಇದೆ. ಈ ಮಹಿಳೆ ದಿನಾಲೂ ಬೆಳಿಗ್ಗೆ ತನ್ನ ಮನೆಗೆಲಸ ಮುಗಿಸಿ ಅಲ್ಲಿಗೆ ಹೋಗುತ್ತಾರೆ. ಮಗ್ಗುಲು ಬದಲಾಯಿಸಿ, ಬೆನ್ನಿನ ಹುಣ್ಣನ್ನು ಉಪ್ಪುನೀರಿನಿಂದ ಒರೆಸಿ, ಒಣಗಿಸಿ ಮುಲಾಮು ಹಚ್ಚಿ, ಒದ್ದೆಯಾದ ಬಟ್ಟೆ ತೆಗೆದು ಬೇರೆ ಹಾಸಿ, ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಾರೆ. ಗಂಟಲಿಗೆ ಸಿಕ್ಕಿಕೊಳ್ಳದಂತೆ ಒಂದೊಂದು ಚಮಚದ ನಂತರವೂ ನುಂಗುವುದನ್ನು ನೋಡಿಯೇ ಮುಂದಿನದನ್ನು ಕೊಡುತ್ತಾರೆ. ನಾನು ಅಲ್ಲಿದ್ದ ದಿನ ಆ ವೃದ್ಧೆ ಇವರನ್ನು ಯಾರೋ ಹಳೆಯ ಕೆಲಸದಾಕೆಯೆಂದು ತಿಳಿದು ಗದರಿಸುತ್ತಿದ್ದರು. ಇವರು, ಆಯಿತು ಅಮ್ಮಾ, ನಾಳೆ ಬೇಗ ಬರುತ್ತೇನೆ ಎಂದರು, ಅಷ್ಟೇ. ಇಬ್ಬರ ನಡುವೆ ರಕ್ತಸಂಬಂಧವಿಲ್ಲ. ಆಸ್ತಿಯೆಲ್ಲ ಮಕ್ಕಳ ಹೆಸರಿಗೆ ಆಗಿದೆ. ಈ ಮಹಿಳೆ ನಮ್ಮ ಸಭೆಯ ಯಾವ ಸಮಿತಿಯಲ್ಲೂ ಇಲ್ಲ, ಯಾವ ಗುಂಪಿನವರೂ ಅವರನ್ನು ತಮ್ಮವರೆಂದು ಎಣಿಸಿಲ್ಲ.

ಅದೇ ಸಭೆಯ ವಾರ್ಷಿಕ ಮಹಾಸಭೆಯಲ್ಲಿ ಎರಡು ಗುಂಪುಗಳು ದೇವಾಲಯದ ಎರಡು ಬದಿಯ ಬೆಂಚುಗಳಲ್ಲಿ ಬೇರೆ ಬೇರೆ ಕುಳಿತು, ಬಾಡಿಗೆ ಅಂಗಡಿಗಳ ಲೆಕ್ಕದ ಬಗ್ಗೆ ಕೂಗಾಡಿದ್ದನ್ನೂ ನಾನು ಕಂಡಿದ್ದೇನೆ. ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ತಮ್ಮ ಕಡೆಯವರು ಆಡಳಿತದಲ್ಲಿದ್ದಾಗ ಬಾಯಿ ಮುಚ್ಚಿಕೊಂಡಿದ್ದವರು ಈಗ ಮಾತ್ರ ಲೆಕ್ಕ ಕೇಳಿದರೆ, ಅದು ಸಭೆಯ ಹಿತಕ್ಕಾಗಿ ಕೇಳಿದ್ದೆಂದು ಹೇಗೆ ಒಪ್ಪುವುದು? ಯಾಕೋಬ ಮತ್ತು ಯೋಹಾನರು ಯೇಸುವಿನ ಎಡಬಲದ ಸ್ಥಾನಗಳನ್ನು ಬೇಡಿದಾಗ ಉಳಿದ ಹತ್ತು ಮಂದಿ ಶಿಷ್ಯರು ಕೋಪಗೊಂಡರೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಆ ಹತ್ತು ಮಂದಿಗೂ ಅದೇ ಸ್ಥಾನಗಳ ಮೇಲೆ ಕಣ್ಣಿತ್ತು ಎಂದೇ ನನ್ನ ತಿಳಿವಳಿಕೆ. ಯೇಸು ಹನ್ನೆರಡು ಮಂದಿಯನ್ನೂ ಹತ್ತಿರಕ್ಕೆ ಕರೆದು, ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕು ಎಂದದ್ದು ಇಬ್ಬರಿಗೆ ಮಾತ್ರವಲ್ಲ, ಎಲ್ಲರಿಗೂ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ನನ್ನ ಪತ್ರ ಅಪಾಯಕಾರಿಯಾದೀತು. ನಿಸ್ವಾರ್ಥವನ್ನು ನಾವು ನಮ್ಮ ಮೇಲೆ ಹಾಕಿಕೊಳ್ಳಬಹುದೇ ಹೊರತು ಇನ್ನೊಬ್ಬರ ಮೇಲೆ ಹೇರುವ ಹಾಗಿಲ್ಲ. ಕ್ರೈಸ್ತ ಹೆಸರಿನ ಕೆಲವು ಸಂಸ್ಥೆಗಳಲ್ಲಿ ದಾದಿಯರು, ಶಿಕ್ಷಕಿಯರು, ಹಾಸ್ಟೆಲ್ ಮೇಲ್ವಿಚಾರಕರು ನ್ಯಾಯವಾದ ಸಂಬಳ ಕೇಳಿದರೆ, ಇದು ಸೇವೆ, ಸಂಬಳಕ್ಕಾಗಿ ಮಾಡುವುದಲ್ಲ ಎಂಬ ಉತ್ತರ ಬರುವುದುಂಟು. ಹಾಗೆ ಹೇಳುವವರು ತಮ್ಮ ಕಾರು, ತಮ್ಮ ಕ್ವಾರ್ಟರ್ಸ್ ಬಿಟ್ಟುಕೊಟ್ಟದ್ದನ್ನು ಯಾರೂ ಕಂಡಿಲ್ಲ. ಹೊರಲಾರದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಇಟ್ಟು, ತಾವು ಬೆರಳಿನಿಂದಲೂ ಮುಟ್ಟದವರ ಬಗ್ಗೆ ಯೇಸು ಆಡಿದ ಕಠೋರ ಮಾತುಗಳು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿವೆ. ಹಾಗೆಯೇ, ಮನೆಯಲ್ಲಿ ಹೊಡೆತ ತಿನ್ನುವ ಹೆಂಡತಿಗೆ ರೂತಳ ಹೆಸರು ಹೇಳಿ ಸಹಿಸಿಕೊ ಎನ್ನುವುದೂ ಮಹಾಪಾಪ. ರೂತಳನ್ನು ಯಾರೂ ಬಲವಂತ ಮಾಡಲಿಲ್ಲ. ಹೋಗು ಎಂದೇ ಹೇಳಿದರು.

ನಿಷ್ಠೆಯ ಹೆಸರಿನಲ್ಲಿ ತಪ್ಪನ್ನು ಮುಚ್ಚಿಡುವುದು ಇನ್ನೊಂದು ರೋಗ. ಹಣ ದುರುಪಯೋಗವಾದಾಗ, ಅದಕ್ಕಿಂತ ಹೀನವಾದುದು ನಡೆದಾಗ, ಸಭೆಯ ಮಾನ ಹೋಗುತ್ತದೆ, ಸುಮ್ಮನಿರಿ ಎನ್ನುವವರಿದ್ದಾರೆ. ಪ್ರವಾದಿ ನಾತಾನನು ಇಸ್ರಾಯೇಲಿನ ಅರಸ ದಾವೀದನ ಆಸ್ಥಾನದವನೇ. ಅರಸನು ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದಿರಿಸಿಕೊಂಡಾಗ, ಆ ಮನುಷ್ಯನು ನೀನೇ ಎಂದು ಮುಖಕ್ಕೆ ಹೇಳಿದವನು ಅವನು. ಮುಂದೆ ದಾವೀದನು ಮುದುಕನಾಗಿ, ಸಿಂಹಾಸನಕ್ಕೆ ಸಂಚು ನಡೆದಾಗ, ಇದೇ ನಾತಾನನು ಅವನ ಕಡೆ ನಿಂತಿದ್ದನ್ನು ಅರಸುಗಳ ಮೊದಲನೆಯ ಗ್ರಂಥದಲ್ಲಿ ನೋಡಬಹುದು. ಸುಳ್ಳು ಹೇಳದವನೇ ಕಷ್ಟಕಾಲದಲ್ಲೂ ಬಿಟ್ಟುಹೋಗಲಿಲ್ಲ.

ಆದ್ದರಿಂದ ನಮ್ಮ ಸಭೆಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ಪಟ್ಟಿಯ ಜೊತೆಗೆ, ನಮ್ಮ ಸಭೆಯಲ್ಲಿ ಹಾಸಿಗೆ ಹಿಡಿದವರು, ಒಂಟಿಯಾಗಿರುವವರು ಎಷ್ಟು ಜನರಿದ್ದಾರೆ, ಕಳೆದ ವರ್ಷ ಸಮಿತಿಯ ಸದಸ್ಯರಲ್ಲಿ ಯಾರು ಯಾರ ಮನೆಗೆ ಹೋಗಿದ್ದರು ಎಂಬುದನ್ನೂ ಓದಿ ಹೇಳಲಿ. ಚುನಾವಣೆಗೆ ನಿಲ್ಲುವವರು ಮೊದಲು ಒಂದು ವರ್ಷ ಇಂಥ ಒಂದು ಮನೆಯ ಜವಾಬ್ದಾರಿ ಹೊರಲಿ. ಬರಿದೆ ಪ್ರಾರ್ಥನೆ ಮಾಡಿ ಬರುವುದಲ್ಲ, ಔಷಧ ತಂದುಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು, ರಾತ್ರಿ ಫೋನ್ ಬಂದರೆ ಎದ್ದು ಹೋಗುವುದು. ಮೇಲೆ ಹೇಳಿದ ಮಹಿಳೆಗೂ ವಾರಕ್ಕೆ ಒಂದೆರಡು ದಿನ ಬಿಡುವು ಬೇಕು, ಅವರ ಸ್ವಂತ ಮಂಡಿನೋವಿಗೂ ವೈದ್ಯರನ್ನು ಕಾಣಬೇಕಾಗಿದೆ. ಆ ದಿನಗಳಿಗೆ ಸರದಿ ಹಾಕುವ ಬಗ್ಗೆ ನಮ್ಮ ಸಭಾಪಾಲಕರೊಂದಿಗೆ ಮಾತನಾಡಿದ್ದೇನೆ. ಎರಡೂ ಗುಂಪುಗಳಿಂದ ಒಬ್ಬೊಬ್ಬರು ಹೆಸರು ಕೊಟ್ಟಿದ್ದಾರೆ. ಬುಧವಾರ ನನ್ನ ಸರದಿ.

ಇಂತಿ,
ಒಬ್ಬ ಸಭಾ ಸದಸ್ಯ
ಮಂಗಳೂರು